ಧರ್ಮ ಮೂರು, ಸಮುದಾಯ ಒಂದು
ಭಾಷೆ, ಧರ್ಮ ಮತ್ತು ಜನಾಂಗೀಯತೆ, ಅಂದರೆ ಸಮಾನ ಮೂಲದ ನಂಬಿಕೆ ಹಾಗೂ ಆಚರಣೆಗಳಿಂದ ಒಂದು ಗುಂಪಿಗೆ ದಕ್ಕುವ ಗುರುತು, ಈ ಮೂರೂ ಒಂದೇ ಗಡಿಯೊಳಗೆ ಅಡಕವಾಗಿರುತ್ತವೆ ಎಂಬ ಸಾಮಾನ್ಯ ಗ್ರಹಿಕೆಯನ್ನು ಸಾಂಸ್ಕೃತಿಕ ಭೂಗೋಳಶಾಸ್ತ್ರ ಒಪ್ಪುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯ ಇದಕ್ಕೆ ಸ್ಪಷ್ಟ ನಿದರ್ಶನ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದ್ದರಿಂದ ರೂಪುಗೊಂಡ ಈ ಸಮುದಾಯದಲ್ಲಿ ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತರು ಮೂವರೂ ಇದ್ದಾರೆ. ಅನೇಕರ ಮನೆಮಾತು ಕೊಂಕಣಿಯ ಒಂದು ಪ್ರಭೇದವಾಗಿದ್ದು, ಶಾಲೆ ಮತ್ತು ಸಂತೆಯಲ್ಲಿ ಕನ್ನಡ ಬಳಕೆಯಾಗುತ್ತದೆ. ಮೂಲದ ಆಫ್ರಿಕನ್ ಭಾಷೆಗಳು ಆಡುನುಡಿಯಾಗಿ ಉಳಿಯಲಿಲ್ಲವಾದರೂ ಡಮಾಮಿ ವಾದ್ಯ, ಕುಣಿತ ಮತ್ತು ಹಿರಿಯರ ಪೂಜೆ ಸಮುದಾಯವನ್ನು ಬೆಸೆದಿವೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಜೋಡಿಸುತ್ತ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಮೂಡಬಹುದು, ಆದರೆ ಹೊಲಿಗೆಯ ಕ್ರಮ ಮಾತ್ರ ಒಂದೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತಾಗಲೂ ಮೂರೂ ಧರ್ಮಗಳವರು ಒಂದೇ ಹೆಸರಿನಡಿ ಆ ಪಟ್ಟಿಗೆ ಸೇರಿದರು.