ಪಟ್ಟಣ ನೋಡಲು ಬಂದವರು

ಮೈಸೂರಿನ ಗುರುಮನೆಗಳಿಗೆ ಅತಿಥಿಗಳು ಬರುವ ಕಾಲ ಎರಡು: ಒಂದು ದಸರಾ, ಇನ್ನೊಂದು ಬೇಸಿಗೆ ರಜೆ. ದಸರೆಗೆ ಬರುವವರನ್ನು ಊರೇ ಸತ್ಕರಿಸುತ್ತದೆ. ಬೀದಿಗೆ ದೀಪಗಳಿರುತ್ತವೆ, ಸಂಜೆಗೆ ಸಂಗೀತವಿರುತ್ತದೆ. ಬೇಸಿಗೆಯಲ್ಲಿ ಬರುವವರ ಹೊಣೆಯಾದರೋ ಪೂರ್ತಿಯಾಗಿ ಆತಿಥೇಯನ ಮೇಲೆಯೇ ಬೀಳುತ್ತದೆ. ಪಾಸ್ಕ ಹಬ್ಬ ಮುಗಿದು ನಾವು ಗುರುಗಳು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ, "ಶನಿವಾರ, ಭಾನುವಾರ ಬಂದು ಹೋಗುತ್ತೇವೆ" ಎಂಬ ದೂರವಾಣಿ ಕರೆ ಬರುತ್ತದೆ. ಬಂದವರಿಗೆ ಅರಮನೆ, ಬೆಟ್ಟ, ಮೃಗಾಲಯ, ಸಂತ ಫಿಲೋಮಿನಾ ಪ್ರಧಾನಾಲಯ ಇವಿಷ್ಟನ್ನು ತೋರಿಸಿ, ಮಜ್ಜಿಗೆ ಕುಡಿಸಿ, ಬಸ್ಸು ಹತ್ತಿಸುವುದು ನನಗೆ ರೂಢಿಯಾಗಿ ಹೋಗಿದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನಮ್ಮ ಪ್ರಧಾನಾಲಯಕ್ಕೆ ಅಡಿಗಲ್ಲು ಇಟ್ಟದ್ದನ್ನು ನಾನು ಎಷ್ಟು ಬಾರಿ ಹೇಳಿದ್ದೇನೆಂದರೆ, ನಮ್ಮ ಅಡುಗೆಯವರಿಗೂ ಅದು ಬಾಯಿಪಾಠವಾಗಿದೆ.

ಕಳೆದ ಏಪ್ರಿಲ್ ಕೊನೆಯಲ್ಲಿ ಬಂದವರು ಮಾತ್ರ ಆ ಪಟ್ಟಿಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ನನ್ನೊಡನೆ ಗುರುವಿದ್ಯಾಮಂದಿರ ಸೇರಿ, ಮೂರು ವರ್ಷಗಳ ನಂತರ ಹೊರಗೆ ಹೋಗಿ, ಈಗ ಮಂಗಳೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅಧ್ಯಾಪಕನಾಗಿರುವ ಗೆಳೆಯ. ನನ್ನನ್ನು ಇಂದಿಗೂ ಏಕವಚನದಲ್ಲಿ ಕರೆಯುವ ಕೆಲವೇ ಮಂದಿಯಲ್ಲಿ ಒಬ್ಬ. ಜೊತೆಯಲ್ಲಿ ಅವನ ಹೆಂಡತಿ, ಪದವಿ ತರಗತಿಯಲ್ಲಿರುವ ಮಗ, ಎಂಬತ್ತೊಂದರ ಪ್ರಾಯದ ತಾಯಿ. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಅರಮನೆಯ ವಿಷಯ ಎತ್ತಿದೆ. ಆ ತಾಯಿ ತಲೆಯಾಡಿಸಿದರು. "ಅರಮನೆ ಬೇಡ ಫಾದರ್. ಪಟ್ಟಣ ಒಂದನ್ನು ತೋರಿಸಿಬಿಡಿ, ಸಾಕು."

ಪಟ್ಟಣವೆಂದರೆ ಶ್ರೀರಂಗಪಟ್ಟಣ. ಮೈಸೂರಿನಿಂದ ಹದಿನೈದು ಕಿಲೋಮೀಟರು. ಆ ಮನೆಯಲ್ಲಿ ಮಾತ್ರ ಆ ಹೆಸರಿಗೆ ದೂರವೇ ಬೇರೆ. 1784ರ ಬೂದಿ ಬುಧವಾರದಂದು ಕೆನರಾ ಕರಾವಳಿಯ ಕ್ರೈಸ್ತರನ್ನು ಹಿಡಿಯಲಾಯಿತು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು ಎಂಬುದು ಪರಂಪರೆಯ ಮಾತು. ಬ್ರಿಟಿಷರಿಗೆ ಸಹಾಯ ಮಾಡಿದರೆಂಬುದು ಅವರ ಮೇಲಿದ್ದ ಆಪಾದನೆ. ಎಷ್ಟು ಮಂದಿ ಎಂಬುದರಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಹೇಳುತ್ತಾರೆ. ದಾರಿಯಲ್ಲಿ ಸತ್ತವರು, ಬಲವಂತದ ಮತಾಂತರಕ್ಕೆ ಒಳಗಾದವರು, ಸೈನ್ಯಕ್ಕೆ ಸೇರಿಸಲ್ಪಟ್ಟವರು, ಕೊಡಗಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿಯ ಅರಸನ ಆಶ್ರಯ ಪಡೆದವರು ಹೀಗೆ ಚದುರಿಹೋದ ಜನ ಅದು. ಹದಿನೈದು ವರ್ಷಗಳ ನಂತರ, 1799ರಲ್ಲಿ, ಉಳಿದವರಿಗೆ ಬಿಡುಗಡೆ. ಗೆಳೆಯನ ತಾಯಿಯ ಕಡೆಯ ಹಿರಿಯರು ಹಿಂದಿರುಗಿ ಹೋದವರಲ್ಲಿ ಸೇರಿದ್ದರಂತೆ. ಈ ಮಾತು ತಾಯಿಯಿಂದ ಮಗಳಿಗೆ ಬಂದದ್ದೇ ಹೊರತು ಅದಕ್ಕೆ ಕಾಗದಪತ್ರಗಳಿಲ್ಲ.

ಮೈಸೂರಿನ ಸೆಖೆಯ ಬಗ್ಗೆ ಕರಾವಳಿಯವರಿಗೆ ಎಚ್ಚರಿಕೆ ಹೇಳಲೇಬೇಕು. ಅಲ್ಲಿ ಬೆವರು ಸುರಿಯುವುದರಿಂದ ಬಾಯಾರಿಕೆ ತಾನಾಗಿಯೇ ನೆನಪಾಗುತ್ತದೆ. ಇಲ್ಲಿಯದು ಒಣ ಬಿಸಿಲು. ಬೆವರು ಮೈಮೇಲೆ ನಿಲ್ಲುವುದಿಲ್ಲ, ನೀರು ಕುಡಿಯಬೇಕೆಂದೂ ತೋಚುವುದಿಲ್ಲ, ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ತಲೆ ಸುತ್ತುತ್ತದೆ. ಆದ್ದರಿಂದ ಶನಿವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಅಡುಗೆಯವರು ಉಪ್ಪು ಹಾಕಿದ ರಾಗಿ ಅಂಬಲಿಯನ್ನು ದೊಡ್ಡ ಫ್ಲಾಸ್ಕಿನಲ್ಲಿ ತುಂಬಿ ಕೊಟ್ಟರು. ಬಾಡಿಗೆ ಕಾರಿನ ಚಾಲಕರು ನನಗೆ ಹತ್ತು ವರ್ಷಗಳಿಂದ ಪರಿಚಿತರು, ಗಂಜಾಮಿನ ಮುಸಲ್ಮಾನರು.

ಮೊದಲು ಕೋಟೆಯ ವಾಯವ್ಯ ಮೂಲೆಗೆ ಕರೆದೊಯ್ದೆ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣ ನೋಡುವುದರಲ್ಲಿ ಒಂದು ಲಾಭವಿದೆ. ಅದನ್ನು ಪ್ರವಾಸಿ ಪುಸ್ತಕಗಳು ಹೇಳುವುದಿಲ್ಲ. ಕಾವೇರಿ ಬಡವಾಗಿ, ಹೊಳೆಯ ಬಂಡೆಗಳೆಲ್ಲ ಮೇಲೆದ್ದು ನಿಂತಿರುತ್ತವೆ. 1799ರ ಮೇ 4ರಂದು ಬ್ರಿಟಿಷ್ ಸೇನೆ ದಾಟಿದ್ದು ಇಂಥ ಹೊಳೆಯನ್ನೇ. ಮಳೆ ಬಂದು ನದಿ ತುಂಬಿದರೆ ಮುತ್ತಿಗೆ ಕೈಬಿಡಬೇಕಾಗುತ್ತಿತ್ತು. ಆದ್ದರಿಂದಲೇ ಅವರಿಗೆ ಅವಸರ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳ ನಡುವೆ ನುಗ್ಗಿದ ಆ ದಂಡಿನ ಮುಂದಾಳು ಡೇವಿಡ್ ಬೇರ್ಡ್. ಆತ ಹಿಂದೆ ಇದೇ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು. ಅಂದು ಮಡಿದ ಬ್ರಿಟಿಷ್ ಅಧಿಕಾರಿಗಳಿಗಾಗಿ ನಿಲ್ಲಿಸಿದ ಸ್ಮಾರಕ ಸ್ತಂಭ ಅಲ್ಲಿಯೇ ಇದೆ. ತಾಯಿ ಕೋಲೂರಿ ನಿಂತು ಹೊಳೆಯನ್ನೇ ನೋಡುತ್ತಿದ್ದರು. "ಮಳೆ ಬೇಗ ಬಂದಿದ್ದರೆ ನಾವು ಇರುತ್ತಿರಲಿಲ್ಲ" ಎಂದರು.

ಅಲ್ಲಿಂದ ಕರ್ನಲ್ ಬೈಲಿಯ ಸೆರೆಮನೆ. ಕೋಟೆಗೋಡೆಯ ಮಗ್ಗುಲಲ್ಲಿ ತಗ್ಗಿನಲ್ಲಿರುವ ಕಮಾನುಗಳ ಕಟ್ಟಡ ಅದು. ಗೋಡೆಯಲ್ಲಿ ನೆಟ್ಟ ಕಲ್ಲುಗಳಲ್ಲಿ ರಂಧ್ರಗಳಿವೆ. ಕೈದಿಗಳನ್ನು ಸರಪಳಿಯಿಂದ ಕಟ್ಟುತ್ತಿದ್ದ ಜಾಗವೆಂದು ತೋರಿಸುತ್ತಾರೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸಿಕ್ಕಿಬಿದ್ದ ಬೈಲಿ 1782ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ. ಇಲ್ಲಿದ್ದ ಅಧಿಕಾರಿಗಳ ಹೆಸರುಗಳು ಫಲಕದ ಮೇಲಿವೆ. ಮೊಮ್ಮಗ ಅವನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಅಜ್ಜಿ ಕೊನೆಯವರೆಗೂ ಕೇಳಿ ನನ್ನತ್ತ ತಿರುಗಿದರು.

"ನಮ್ಮವರದು ಎಲ್ಲಿ ಫಾದರ್?"

ಗುರುವಾದವನಿಗೆ ಕಷ್ಟದ ಪ್ರಶ್ನೆಗಳು ಹೊಸವಲ್ಲ. ಆದರೆ ಮನೆಗೆ ಬಂದ ಅತಿಥಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ಘಟ್ಟ ಹತ್ತಿ ಬಂದು, ಒಂದೇ ಒಂದನ್ನು ತೋರಿಸಿ ಎಂದು ಕೇಳಿದಾಗ ತೋರಿಸಲು ಏನೂ ಇಲ್ಲದಿರುವುದು ಬೇರೆಯೇ ಬಗೆಯ ಸಂಕಟ. ಕರಾವಳಿಯಿಂದ ಬಂದವರನ್ನು ಕೂಡಿಹಾಕಿದ್ದ ಇಂಥ ಒಂದು ಕಟ್ಟಡವೆಂಬುದು ಅಲ್ಲಿಲ್ಲ. ಅಷ್ಟು ಸಾವಿರ ಜನರನ್ನು ಇಷ್ಟು ಸಣ್ಣ ಕಮಾನುಗಳ ಕೆಳಗೆ ಇಡುವುದಾದರೂ ಹೇಗೆ? ಹಾಗೆಂದು ಹೇಳಿದೆ. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಗಿ ಬೇರ್ಡ್‌ನಂಥವರು ಹೊರಗೆ ಹೋದರು, ಹೆಚ್ಚುಕಡಿಮೆ ಅದೇ ಕಾಲಕ್ಕೆ ನಿಮ್ಮವರು ಒಳಗೆ ಬಂದರು ಎಂದೂ ಹೇಳಿದೆ. ಅವರು ಗೋಡೆಯ ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ, ಹೊರಗೆ ಹೋಗೋಣ ಎಂದು ಸನ್ನೆ ಮಾಡಿದರು.

ದರಿಯಾ ದೌಲತ್ ಬಾಗಿಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ತೇಗದ ಮರದ ಆ ಬೇಸಿಗೆ ಅರಮನೆಯ ನೆರಳು ನಿಜಕ್ಕೂ ಸುಖವಾದದ್ದು. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ; ಸೆರೆಮನೆಯಲ್ಲಿ ಸತ್ತ ಅದೇ ಬೈಲಿ ಇಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ನಾನು ಅದನ್ನು ವಿವರಿಸುತ್ತಿರುವಾಗ ಮೊಮ್ಮಗ ಕಟ್ಟಡದ ಇಸವಿಯನ್ನು ಓದಿಕೊಂಡು ಬಂದ. 1784! "ನಮ್ಮವರನ್ನು ಎಳೆದುಕೊಂಡು ಬಂದ ವರ್ಷವೇ ಇಲ್ಲಿ ಚಿತ್ರ ಬರೆಸುತ್ತಾ ಕೂತಿದ್ದ" ಎಂದು ಶುರುಮಾಡಿದವನು, ಮೊಬೈಲಿನಲ್ಲಿ ನೋಡಿದ್ದು ಕೇಳಿದ್ದನ್ನೆಲ್ಲ ಸೇರಿಸಿ ದೊಡ್ಡ ದನಿಯಲ್ಲಿ ಹೇಳತೊಡಗಿದ. ಅದು ಅರಸನೊಬ್ಬನನ್ನು ದಾಟಿ ಅವನ ಮತದವರೆಲ್ಲರ ಮೇಲೆ ಹೊರಳಿತು. ಚಾಲಕರು ನಮ್ಮ ಹಿಂದೆಯೇ ಅಂಬಲಿಯ ಫ್ಲಾಸ್ಕ್ ಹಿಡಿದು ನಿಂತಿದ್ದರು.

ಇಂಥ ಮಾತಿನ ಮುಂದೆ ಏನು ಹೇಳಬೇಕು? ಇಸವಿ ಸುಳ್ಳಲ್ಲ. ಸೆರೆಯೂ ಸುಳ್ಳಲ್ಲ; ಅದನ್ನು ಇಲ್ಲವೆನ್ನುವವರನ್ನು ಕಂಡರೆ ನನಗೂ ಆಗುವುದಿಲ್ಲ. ಹಾಗೆಯೇ, 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದನ್ನು ಸರಿಪಡಿಸಲು ಧನಸಹಾಯ ಕಳುಹಿಸಿ, ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನೂ ಟಿಪ್ಪುವೇ. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇದನ್ನು ಹೇಳಿದರೆ ಅದನ್ನು ಮರೆಸಿದಂತೆ, ಅದನ್ನು ಹೇಳಿದರೆ ಇದನ್ನು ಮರೆಸಿದಂತೆ ಆಗುವ ಕಾಲ ಇದು. ನಾನು "ಸ್ವಲ್ಪ ಮೆಲ್ಲಗೆ ಮಾತಾಡಪ್ಪ" ಎಂದಷ್ಟೇ ಹೇಳಿದೆ. ಹುಡುಗ ಸುಮ್ಮನಾದನಾದರೂ ಮುಖ ಕೆಂಪಾಗಿಯೇ ಇತ್ತು. ಅಷ್ಟರಲ್ಲಿ ಅವನ ಅಜ್ಜಿ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ನಾನು ಹೇಳಿದ್ದ ಹನ್ನೊಂದು ಗಂಟೆಯ ತಲೆಸುತ್ತು.

"ನಮ್ಮ ಮನೆ ಇಲ್ಲೇ ಇದೆ, ಫಾದರ್. ಅಮ್ಮಾವ್ರು ಸ್ವಲ್ಪ ಹೊತ್ತು ಮಲಗಿಕೊಳ್ಳಲಿ" ಎಂದರು ಚಾಲಕರು.

ಹೀಗೆ ನನ್ನ ಅತಿಥಿಗಳ ಜೊತೆ ನಾನೂ ಇನ್ನೊಬ್ಬರ ಅತಿಥಿಯಾದೆ. ಹೆಂಚಿನ ಮನೆ, ತಣ್ಣನೆಯ ಕಡಪ ಕಲ್ಲಿನ ನೆಲ. ಮನೆಯಾಕೆ ಬಾಗಿಲಿಗೆ ಒದ್ದೆ ಬಟ್ಟೆ ಇಳಿಬಿಟ್ಟು, ಚಾಪೆ ಹಾಸಿ, ನಿಂಬೆಹಣ್ಣಿನ ಶರಬತ್ತಿಗೆ ಸಬ್ಜಾ ಬೀಜ ಹಾಕಿ ತಂದರು. ನಮಗೆ ಊಟಕ್ಕೂ ಎಬ್ಬಿಸಿದರು: ಅನ್ನ, ತಿಳಿಸಾರು, ಮೊಟ್ಟೆ ಪಲ್ಯ. ಹುಡುಗ ಮೊದಲು ಬೇಡವೆಂದ, ಆಮೇಲೆ ಎರಡು ಸಲ ಹಾಕಿಸಿಕೊಂಡ. ಹೊರಗೆ ಬೀದಿಯಲ್ಲಿ ನಾಯಿಗಳೂ ಓಡಾಡದ ಬಿಸಿಲು.

ಮೂರು ಗಂಟೆಗೆ ಎದ್ದು ಕುಳಿತ ತಾಯಿ, ಚಹ ಕುಡಿಯುತ್ತಾ ಚಾಲಕರನ್ನು ಕೇಳಿದರು. "ನೀವು ಮೊದಲಿಂದಲೂ ಇಲ್ಲಿಯವರಾ?"

"ಅಲ್ಲ ಅಮ್ಮಾ. ನಮ್ಮ ಹಿರಿಯರು ಶಿರಾದವರು ಅಂತಾರೆ. ಪೇಟೆ ಕಟ್ಟೋಕೆ ಜನ ಬೇಕು ಅಂತ ನಮ್ಮೋರನ್ನೂ ಹಿಡ್ಕೊಂಡು ಬಂದು ಇಲ್ಲಿ ಕೂರಿಸಿದ್ರಂತೆ."

ಇದು ಆ ಮನೆಯ ಕಥೆಯಷ್ಟೇ ಅಲ್ಲ. ಗಂಜಾಂ ಪೇಟೆಯನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ತರಲಾಯಿತೆಂದು ಹಳೆಯ ಮೈಸೂರು ಗೆಝೆಟಿಯರಿನಲ್ಲಿ ಓದಿದ್ದೆ. ಓದಿದ್ದೆನೇ ಹೊರತು ಆ ಕುಟುಂಬಗಳಲ್ಲಿ ಒಂದರ ಕಾರಿನಲ್ಲಿ ಹತ್ತು ವರ್ಷ ಓಡಾಡಿದ್ದೇನೆಂದು ನನಗೆ ಗೊತ್ತಿರಲಿಲ್ಲ. ತಾಯಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಡೆಸಿಕೊಂಡೇ ಬಂದರಾ?" ಎಂದು ಕೇಳಿದರು. "ನಡೆಸಿಕೊಂಡೇ ಇರಬೇಕಮ್ಮ, ಆಗ ಇನ್ನೇನಿತ್ತು" ಎಂದರು ಅವರು. ಮೊಮ್ಮಗ ಮೊಬೈಲನ್ನು ಚಾಪೆಯ ಮೇಲೆ ಬೋರಲು ಇಟ್ಟು ಕೇಳುತ್ತಿದ್ದ. ಅವನ ಮನಸ್ಸು ಬದಲಾಯಿತೆಂದು ಬರೆಯಲು ನನಗೆ ಆಧಾರವಿಲ್ಲ.

ಇಳಿಹೊತ್ತಿನಲ್ಲಿ ಗಂಜಾಮಿನ ಬಳಿ, ಅಬ್ಬೆ ದುಬ್ವಾ ಅವರ ಹೆಸರಿನ ದೇವಾಲಯಕ್ಕೆ ಹೋದೆವು. 1799ರ ನಂತರ, ಬಲವಂತದಿಂದ ವಿಶ್ವಾಸ ತೊರೆಯಬೇಕಾಗಿ ಬಂದವರನ್ನು ಮರಳಿ ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಅವರು. ನಮ್ಮ ನಾಡಿನವರಂತೆಯೇ ಉಟ್ಟು ಉಂಡು ಬದುಕಿ ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರಾದರು. ಸಿಡುಬಿಗೆ ಚುಚ್ಚುಮದ್ದು ಹಾಕುವ ಕೆಲಸದಲ್ಲಿಯೂ ಮುಂದೆ ನಿಂತರು; ಆ ವಿಷಯಕ್ಕೇ ಒಂದು ಲೇಖನ ಬೇಕು, ಇನ್ನೊಮ್ಮೆ ಬರೆದೇನು. 1823ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ತಾಯಿಗೆ ಇಷ್ಟನ್ನು ಹೇಳಿ, "ನಿಮ್ಮವರ ಗುರುತೆಂದು ನಾನು ತೋರಿಸಬಹುದಾದದ್ದು ಇದೊಂದೇ ಅಮ್ಮಾ" ಎಂದೆ. ಅವರು ಮೊಣಕಾಲೂರಲಾಗದೆ ಬೆಂಚಿನ ಮೇಲೆ ಕುಳಿತು, ಕೊಂಕಣಿಯಲ್ಲಿ ಜಪಸರ ಪ್ರಾರ್ಥನೆ ಮಾಡಿದರು. ಗೆಳೆಯ ಜವಾಬು ಕೊಟ್ಟ. ಕೊಂಕಣಿ ನನಗೆ ಅಷ್ಟಕ್ಕಷ್ಟೆ, ಆದರೂ ದನಿಗೂಡಿಸಿದೆ.

ಸಂಗಮಕ್ಕೆ ಹೋಗುವ ಮೊದಲು ಗುಂಬಜ್. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗೋರಿ. ತಾಯಿಯದೂ ಅಲ್ಲಿಯೇ, ಕೊನೆಗೆ ಅವನದೂ ಅಲ್ಲಿಯೇ. ಒಳಗೆ ಬರುವುದಿಲ್ಲವೆಂದು ಹುಡುಗ ತೋಟದಲ್ಲಿಯೇ ಉಳಿದ. ಯಾರೂ ಒತ್ತಾಯಿಸಲಿಲ್ಲ. ದಿನವೆಲ್ಲ ಕಾದ ಕಲ್ಲುಹಾಸು ಇನ್ನೂ ಬೆಂಕಿಯಂತಿತ್ತು; ಚಪ್ಪಲಿ ಬಿಟ್ಟು ನಡೆಯಬೇಕು. ಚಾಲಕರು ಎಲ್ಲಿಂದಲೋ ಒಂದು ಬಿಂದಿಗೆ ನೀರು ತಂದು ತಾಯಿಯ ಕಾಲ ಮುಂದೆ ಸುರಿಯುತ್ತಾ ಹೋದರು. ಅವರು ಒಳಗೆ ಹೋಗಿ ಮೂರು ಗೋರಿಗಳನ್ನೂ ನೋಡಿದರು. "ಮಧ್ಯದ್ದು ಯಾರದ್ದು?" ಎಂದರು. "ಅಪ್ಪನದು" ಎಂದೆ. ಮತ್ತೇನೂ ಕೇಳಲಿಲ್ಲ.

ಭಾನುವಾರದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎರಡು ಬಲಿಪೂಜೆಗಳನ್ನು ಮುಗಿಸಿ ಬಂದೆ. ಸಂಜೆ ಅರಮನೆಯ ದೀಪಗಳನ್ನು ತಾಯಿಯೂ ನೋಡಿದರು, ಚೆನ್ನಾಗಿದೆ ಎಂದರು. ರಾತ್ರಿಯ ಬಸ್ಸಿಗೆ ಬಿಡಲು ಅದೇ ಕಾರು ಬಂತು. ಬಾಡಿಗೆಯ ಮೇಲೆ ಕೊಟ್ಟ ಇನ್ನೂರು ರೂಪಾಯಿಯನ್ನು ಚಾಲಕರು ತೆಗೆದುಕೊಳ್ಳಲಿಲ್ಲ. ಅವರು ಇದುವರೆಗೆ ಸಮುದ್ರ ನೋಡಿಲ್ಲವೆಂಬುದು ಆಗ ಮಾತಿನ ನಡುವೆ ತಿಳಿಯಿತು. "ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ನಮ್ಮಲ್ಲಿಗೆ ಬನ್ನಿ, ಕಡಲು ನಮ್ಮ ಮನೆಗೆ ಹತ್ತಿರ" ಎಂದು ತಾಯಿ ವಿಳಾಸ ಬರೆಸಿದರು. ಬರೆದುಕೊಟ್ಟವನು ಮೊಮ್ಮಗ, ದಾರಿ ತಪ್ಪದಿರಲೆಂದು ಕೆಳಗೆ ಒಂದು ನಕ್ಷೆಯನ್ನೂ ಹಾಕಿದ್ದ.

ಆ ಚೀಟಿ ಕಾರಿನ ಕನ್ನಡಿಯ ಹಿಂದೆ ಈಗಲೂ ಇದೆ. ಹೋದ ವಾರ ವಿಚಾರಿಸಿದೆ. ಘಟ್ಟದಲ್ಲಿ ಮಳೆ ಜೋರಿದೆ, ಅದು ನಿಲ್ಲಲಿ ಫಾದರ್ ಎಂದರು.