ಬಾಲಂಗೋಚಿ ಮೇಲಿದ್ದ ಗಾಳಿಪಟ

ಆಷಾಢದ ಗಾಳಿ ಬೀಸತೊಡಗಿತೆಂದರೆ ನನ್ನ ಮನಸ್ಸು ಭದ್ರಾವತಿಯ ಕಾಗದನಗರಕ್ಕೆ ಹೊರಟುಬಿಡುತ್ತದೆ. ಗುಜರಾತಿನಲ್ಲಿ ಗಾಳಿಪಟದ ಹಬ್ಬ ಜನವರಿಯ ಉತ್ತರಾಯಣಕ್ಕೆ ಬಂದರೆ, ನಮ್ಮ ಕಡೆ ಅದು ಆಷಾಢದ ಆಟ. ಮುಂಗಾರಿನ ಗಾಳಿ ಬಲವಾಗಿರುವ ಆ ದಿನಗಳಲ್ಲಿ ಮಳೆ ಒಂದಿಷ್ಟು ಬಿಡುವು ಕೊಟ್ಟರೆ ಸಾಕು, ವಸತಿಗೃಹಗಳ ಹಿಂದಿನ ಬಯಲಿನಲ್ಲಿ ಪಟಗಳು ಏಳುತ್ತಿದ್ದವು.

ನನ್ನ ತಂದೆ ಮೈಸೂರು ಕಾಗದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯಿಂದಲೇ ನಮ್ಮ ಬಡಾವಣೆಗೆ ಕಾಗದನಗರವೆಂಬ ಹೆಸರು ಬಂದದ್ದು. ದಿನವಿಡೀ ಕಾಗದದ ನಡುವೆ ದುಡಿದು ಬಂದ ಮನುಷ್ಯ ಸಂಜೆ ಮತ್ತೆ ಹಳೆಯ ಪತ್ರಿಕೆಯೊಂದನ್ನು ನೆಲದ ಮೇಲೆ ಹಾಸಿ ಕೂರುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಪೊರಕೆಯಿಂದ ಎಳೆದ ಎರಡು ತೆಂಗಿನ ಕಡ್ಡಿ, ಊಟದಲ್ಲಿ ಉಳಿದ ಅನ್ನದ ಅಗುಳು, ಅಮ್ಮನ ಹಳೆಯ ಸೀರೆಯ ಅಂಚು, ಹೊಲಿಗೆಯ ದಾರ - ನಮ್ಮ ಸಾಮಗ್ರಿ ಇಷ್ಟೇ.

ತಂದೆ ಹೆಚ್ಚು ಓದಿದವರಲ್ಲ. ಆದರೆ ಅವರಲ್ಲಿ ಒಂದು ಗುಣವಿತ್ತು. ನಾನು ಕಟ್ಟಿದ ಗಾಳಿಪಟ ಮೇಲೇರದೆ ಗಿರಗಿರನೆ ತಿರುಗಿ ನೆಲಕ್ಕೆ ಬಿದ್ದಾಗ ಅವರು ಅದನ್ನು ಕೈಯಿಂದ ಕಿತ್ತುಕೊಂಡು ಸರಿಪಡಿಸುತ್ತಿರಲಿಲ್ಲ. "ಯಾಕೆ ತಿರುಗ್ತಾ ಇದೆ ಮಗಳೇ?" ಎಂದು ಕೇಳಿ ಸುಮ್ಮನೆ ಕಾಯುತ್ತಿದ್ದರು. ಬಾಲಂಗೋಚಿ ಸಾಲದು ಎಂಬುದು ನನಗೆ ಹೊಳೆಯಲು ಎರಡು ದಿನ ಹಿಡಿಯಿತು. ಬಾಲವನ್ನು ಗಾಳಿ ಹಿಂದಕ್ಕೆ ಎಳೆಯುವುದರಿಂದಲೇ ಪಟ ಅತ್ತಿತ್ತ ಹೊರಳದೆ ನೆಟ್ಟಗೆ ನಿಲ್ಲುತ್ತದೆ, ಸೂತ್ರ ಸರಿಯಾಗಿದ್ದರೆ ಮಾತ್ರ ಅದರ ಮೈ ಗಾಳಿಗೆ ತಕ್ಕಷ್ಟು ಓರೆಯಾಗಿ ಮೇಲೇಳುತ್ತದೆ ಎಂಬ ವಿವರಣೆಯನ್ನು ಬಹಳ ವರ್ಷಗಳ ನಂತರ ಪುಸ್ತಕದಲ್ಲಿ ಓದಿದೆ. ಆದರೆ ಆ ಪಾಠ ನನ್ನ ಬೆರಳುಗಳಿಗೆ ಆಗಲೇ ಗೊತ್ತಾಗಿತ್ತು.

ಮುಂದೆ ನಾನು ಭದ್ರಾವತಿಯ ಒಂದು ಶಿಶುವಿಹಾರದಲ್ಲಿ ಶಿಕ್ಷಕಿಯಾದೆ. ಮಕ್ಕಳ ಕೈಗೆ ಕೆಲಸ ಕೊಟ್ಟು ಕಲಿಸಬೇಕೆಂಬ ವಿಚಾರ ಹೊಸದೇನಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ಆರಂಭಿಸಿ, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟಾಗ, ಕಾಗದ ಮಡಚುವುದು, ಕತ್ತರಿಸುವುದು, ಹೆಣೆಯುವುದು ಅಲ್ಲಿಯ ಪಾಠಗಳೇ ಆಗಿದ್ದವು. ತರಬೇತಿಯಲ್ಲಿ ಇದನ್ನೆಲ್ಲ ಓದಿ ಬಂದಿದ್ದ ನಾನು ಪ್ರತಿ ವರ್ಷ ಆಷಾಢದಲ್ಲಿ ಒಂದು ವಾರವನ್ನು ಗಾಳಿಪಟಕ್ಕೆಂದೇ ಮೀಸಲಿಡುತ್ತಿದ್ದೆ. ಆದರೆ ಓದಿದ್ದೇ ಬೇರೆ, ಮಾಡಿದ್ದೇ ಬೇರೆ ಎಂಬುದನ್ನು 1994ರ ಒಂದು ಪ್ರಸಂಗ ನನಗೆ ತೋರಿಸಿಕೊಟ್ಟಿತು.

ಆ ವರ್ಷ ಹೆತ್ತವರಿಗಾಗಿ ಮಕ್ಕಳ ಕೈಕೆಲಸದ ಪ್ರದರ್ಶನ ಏರ್ಪಾಡಾಗಿತ್ತು. ನನ್ನ ತರಗತಿಯ ಗೋಡೆಯ ಮೇಲೆ ಮೂವತ್ತು ಗಾಳಿಪಟಗಳು ಬರಬೇಕು. ನಾಲ್ಕು ವರ್ಷದ ಮಾತು ಕಡಿಮೆಯ ಹುಡುಗನೊಬ್ಬ ಮೂರು ದಿನ ಕುಳಿತು ತನ್ನ ಗಾಳಿಪಟ ಮಾಡಿದ್ದ. ಕೆಂಪು ಮತ್ತು ನೀಲಿ ಕಾಗದದ ಚೂರುಗಳೆಲ್ಲ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಅಂಟಿಕೊಂಡಿದ್ದವು. ಗೋಂದು ಹರಿದು ಕಾಗದ ಸುಕ್ಕಾಗಿತ್ತು. ಬಾಲಂಗೋಚಿಯನ್ನಂತೂ ಮೇಲ್ತುದಿಗೆ ಅಂಟಿಸಿಬಿಟ್ಟಿದ್ದ. ಪ್ರದರ್ಶನದ ಹಿಂದಿನ ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ನಾನು ಅದನ್ನು ಕೆಳಗಿಳಿಸಿದೆ. ಅಂಚನ್ನು ಕತ್ತರಿಸಿದೆ, ಚೂರುಗಳನ್ನು ಕಿತ್ತು ಹೊಸ ಕಾಗದವನ್ನು ಸಾಲಾಗಿ ಅಂಟಿಸಿದೆ, ಬಾಲವನ್ನು ತೆಗೆದು ಬುಟ್ಟಿಗೆ ಹಾಕಿ ಹೊಸದನ್ನು ಕೆಳಗೆ ಕಟ್ಟಿದೆ. ಇನ್ನೂ ಏಳೆಂಟು ಮಕ್ಕಳ ಪಟಗಳಿಗೂ ಇದೇ ಉಪಕಾರ ಮಾಡಿದೆ. ಗೋಡೆ ಬಹಳ ಚೆಂದ ಕಂಡಿತು.

ಮರುದಿನ ಹುಡುಗನ ತಂದೆ ಬೆಳಗಿನ ಪಾಳಿ ಮುಗಿಸಿ, ಅವಸರದಲ್ಲಿ ಬಟ್ಟೆ ಬದಲಿಸಿಕೊಂಡು ಬಂದಿದ್ದರು. ಮಗನ ಕೈ ಹಿಡಿದು, "ಎಲ್ಲಪ್ಪಾ ನಿನ್ನ ಗಾಳಿಪಟ?" ಎಂದು ಕೇಳಿದರು. ಹುಡುಗ ಗೋಡೆಯ ಉದ್ದಕ್ಕೂ ಒಂದೊಂದನ್ನೇ ನೋಡುತ್ತ ಹೋದ. ತನ್ನ ಹೆಸರು ಬರೆದಿದ್ದ ಪಟದ ಮುಂದೆಯೂ ನಿಂತ. ಅನಂತರ ತಂದೆಯ ಮುಖ ನೋಡಿ, "ನನ್ನದು ಇಲ್ಲ" ಎಂದ. ನಾನು ಮುಂದೆ ಹೋಗಿ, "ಇದೇ ಅಲ್ಲವೇನೋ ನಿನ್ನದು, ನೋಡು, ಹೆಸರಿದೆ" ಎಂದು ನಕ್ಕೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಮೇಜಿನ ಕೆಳಗಿನ ಬುಟ್ಟಿಯಿಂದ ತನ್ನ ಸುಕ್ಕಾದ ಬಾಲಂಗೋಚಿಯನ್ನು ಹುಡುಕಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಅದು ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಆ ದಿನದ ನಂತರ ಬಹಳ ವಾರಗಳ ಕಾಲ ಆ ಮಗು ಗೋಂದು ಮುಟ್ಟಲಿಲ್ಲ. ಕಾಗದ ಕೊಟ್ಟರೆ ಎರಡೂ ಕೈಗಳಲ್ಲಿ ಹಿಡಿದು ನನ್ನ ಬಳಿಗೆ ತರುತ್ತಿದ್ದ. "ಮಿಸ್, ನೀವೇ ಮಾಡಿ" ಎನ್ನುತ್ತಿದ್ದ. ಆ ಮಾತನ್ನು ಅವನಿಗೆ ಕಲಿಸಿದವಳು ನಾನೇ. ನಿನ್ನ ಕೈಯಿಂದ ಆದದ್ದು ಗೋಡೆಗೆ ಯೋಗ್ಯವಲ್ಲ ಎಂದು ಬಾಯಿಂದ ಹೇಳಿರಲಿಲ್ಲ, ಅಷ್ಟೇ.

ಆಮೇಲೆ ನಾನು ಪುಸ್ತಕಗಳನ್ನು ಮತ್ತೊಮ್ಮೆ ಓದಿದೆ. ಸಾಮಾನ್ಯವಾಗಿ 3 ವರ್ಷದ ಹೊತ್ತಿಗೆ ಮಗು ವೃತ್ತವನ್ನು ನೋಡಿ ಬರೆಯಬಲ್ಲದು. 4 ವರ್ಷದ ಸುಮಾರಿಗೆ ಕೂಡಿಸುವ ಗುರುತು, 5ರ ಹೊತ್ತಿಗೆ ಚೌಕ, ಅದರ ನಂತರ ತ್ರಿಕೋನ. ಗಾಳಿಪಟದ ವಜ್ರಾಕೃತಿ ಹೆಚ್ಚಿನ ಮಕ್ಕಳಿಗೆ ಕೈಗೂಡುವುದು 6 ಅಥವಾ 7ನೆಯ ವರ್ಷದಲ್ಲಿ. ಓರೆಗೆರೆ ಎಳೆಯುವುದು ಅವರಿಗೆ ಅಷ್ಟು ಕಷ್ಟ. ಹೀಗಿರುವಾಗ ನಾಲ್ಕು ವರ್ಷದ ಮಗುವಿನಿಂದ ಮೂಲೆ ತಪ್ಪದ ಗಾಳಿಪಟವನ್ನು ನಿರೀಕ್ಷಿಸುವುದು, ಹೂ ಬಿಡುವ ಮೊದಲೇ ಗಿಡವನ್ನು ಹಣ್ಣು ಕೇಳಿದಂತೆ. ನಾನು ಸರಿಪಡಿಸಿದ್ದು ಆ ಹುಡುಗನ ತಪ್ಪನ್ನಲ್ಲ, ಅವನ ವಯಸ್ಸನ್ನು.

ಅಲ್ಲಿಂದ ಮುಂದೆ ನನ್ನ ಗಾಳಿಪಟದ ವಾರ ಬದಲಾಯಿತು. ಮನೆಯಲ್ಲಿ ಪುಟ್ಟ ಮಕ್ಕಳಿರುವ ಹೆತ್ತವರಿಗೆ ಉಪಯೋಗವಾದೀತೆಂದು ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊದಲ ದಿನ ಏನನ್ನೂ ಮಾಡಿಸುತ್ತಿರಲಿಲ್ಲ; ಮಕ್ಕಳನ್ನು ಹೊರಗೆ ಕರೆದೊಯ್ದು ಗಾಳಿಯನ್ನು ಗುರುತಿಸಲು ಹೇಳುತ್ತಿದ್ದೆ. ಎಲೆ ಅಲುಗಿತೇ, ಒಣಗಲು ಹಾಕಿದ ಬಟ್ಟೆ ಯಾವ ಕಡೆ ಹಾರುತ್ತಿದೆ, ಕೈ ಒದ್ದೆ ಮಾಡಿ ಹಿಡಿದರೆ ಎಲ್ಲಿ ತಂಪು - ಇವೇ ಪ್ರಶ್ನೆಗಳು. ಎರಡನೆಯ ದಿನ ಹಳೆಯ ಪತ್ರಿಕೆ ಮತ್ತು ಬಣ್ಣದ ಕಾಗದವನ್ನು ಕೈಯಿಂದ ಹರಿಯುವ ಕೆಲಸ. ಕತ್ತರಿ ಹಿಡಿಯಲಾರದ ಬೆರಳುಗಳಿಗೆ ಹರಿಯುವುದೇ ಒಳ್ಳೆಯ ವ್ಯಾಯಾಮ, ಮುಂದೆ ಬಳಪ ಹಿಡಿಯುವ ಶಕ್ತಿ ಬರುವುದೂ ಅಲ್ಲಿಂದಲೇ. ಮೂರನೆಯ ದಿನ ನಾನು ಕತ್ತರಿಸಿ ಕೊಟ್ಟ ಆಕಾರದ ಮೇಲೆ ಆ ಚೂರುಗಳನ್ನು ಅವರಿಗೆ ಬೇಕಾದಲ್ಲಿ ಅಂಟಿಸುವುದು. ನಾಲ್ಕನೆಯ ದಿನ ಬಾಲಂಗೋಚಿ: ಬಟ್ಟೆಯ ಪಟ್ಟಿಗೆ ಒಂದು, ಎರಡು, ಮೂರು ಎಂದು ಎಣಿಸುತ್ತ ಗಂಟು ಹಾಕುವುದು, ಕೆಂಪು-ಹಳದಿ-ಕೆಂಪು-ಹಳದಿ ಎಂದು ಕಾಗದದ ಹೂಗಳನ್ನು ಸರದಿಯಂತೆ ಕಟ್ಟುವುದು. ಉದ್ದ-ಗಿಡ್ಡ, ಮೇಲೆ-ಕೆಳಗೆ, ಹಗುರ-ಭಾರ ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತಿದ್ದವು. ಕೊನೆಯ ದಿನ ಎಲ್ಲರೂ ಹಿಡಿದುಕೊಂಡು ಓಡುವುದು. ಓಡಲಾರದ ಮಗುವಿದ್ದರೆ ಕಾಗದದ ಗಿರಿಗಿಟ್ಲೆ ಮಾಡಿ ಕಿಟಕಿಯಲ್ಲಿ ಹಿಡಿದರೂ ಗಾಳಿ ಅದನ್ನು ಹುಡುಕಿಕೊಂಡು ಬರುತ್ತದೆ.

ಇದಕ್ಕೆ ಅಂಗಡಿಯ ಸಾಮಗ್ರಿ ಬೇಕಿಲ್ಲ. 1975ರಿಂದ ನಮ್ಮ ದೇಶದಲ್ಲಿ ಬೆಳೆದು ಬಂದ ಅಂಗನವಾಡಿಗಳಲ್ಲಿ 3ರಿಂದ 6 ವರ್ಷದ ಮಕ್ಕಳು ಕುಳಿತು ಕಲಿಯುತ್ತಾರೆ. ಅಂಥ ಕೋಣೆಯಲ್ಲಿಯೂ ಒಂದು ಹಳೆಯ ಪತ್ರಿಕೆ, ಒಂದು ಹಿಡಿ ಅನ್ನದಿಂದ ಇದೆಲ್ಲ ಸಾಧ್ಯ. ಆದರೆ ಕೆಲವು ಎಚ್ಚರಿಕೆಗಳು ಬೇಕು. ಹತ್ತಿಯ ದಾರವನ್ನಷ್ಟೇ ಕೊಡಿ. ಕೃತಕ ನೂಲಿನ ಮಾಂಜಾ ಮನುಷ್ಯರ ಮತ್ತು ಹಕ್ಕಿಗಳ ಕತ್ತು ಕೊಯ್ಯುವುದರಿಂದ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ವಿದ್ಯುತ್ ತಂತಿಯ ಬಳಿ, ತಡೆಗೋಡೆಯಿಲ್ಲದ ತಾರಸಿಯ ಮೇಲೆ ಹಾರಿಸುವುದು ಬೇಡ. ಕಡ್ಡಿಯ ತುದಿಗಳಿಗೆ ಕಾಗದ ಸುತ್ತಿ, ದಾರ ಕೊರಳಿಗೆ ಸಿಕ್ಕದಂತೆ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಹಿರಿಯರ ಕೈ ಬೇಕಾಗಿರುವುದು ಇಲ್ಲಿ, ಅಂದ ಹೆಚ್ಚಿಸುವಲ್ಲಿ ಅಲ್ಲ.

ನಾನು ನಿವೃತ್ತಳಾಗಿ ಮಗನೊಡನೆ ಶಿವಮೊಗ್ಗಕ್ಕೆ ಬಂದು ವರ್ಷಗಳಾದವು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು; ಅದನ್ನೇ ನಂಬಿದ್ದ ಕುಟುಂಬಗಳು ಒಂದೊಂದು ದಿಕ್ಕಿಗೆ ಚದುರಿದವು. ಆ ಹುಡುಗ ಎಲ್ಲಿದ್ದಾನೋ ನನಗೆ ತಿಳಿಯದು. ಈಗ ಅವನಿಗೂ ಮಕ್ಕಳಿರುವ ವಯಸ್ಸು. ಅವನ ಮಗುವಿನ ಗಾಳಿಪಟದಲ್ಲಿ ಬಾಲಂಗೋಚಿ ಎಲ್ಲಿಯೇ ಇರಲಿ, ಯಾರೂ ಕೀಳದಿರಲಿ ಎಂದು ಆಗಾಗ ಅಂದುಕೊಳ್ಳುತ್ತೇನೆ.

ಕಳೆದ ಆಷಾಢದಲ್ಲಿ ನನ್ನ ನಾಲ್ಕು ವರ್ಷದ ಮೊಮ್ಮಗನ ಶಾಲೆಯಿಂದಲೂ ಗಾಳಿಪಟ ಮಾಡಿ ತರಬೇಕೆಂಬ ಸೂಚನೆ ಬಂತು. ಭಾನುವಾರ ದೇವಾಲಯದಿಂದ ಮರಳುವಾಗ ಸೊಸೆ, "ಅತ್ತೆ, ಗಾಂಧಿ ಬಜಾರಿನಲ್ಲಿ ಒಂದು ಒಳ್ಳೆಯದನ್ನು ಕೊಂಡು, ಸ್ವಲ್ಪ ಅಲಂಕಾರ ಮಾಡಿ ಕಳಿಸೋಣವೇ? ಎಲ್ಲರೂ ಚೆನ್ನಾಗಿರುವುದನ್ನೇ ತರುತ್ತಾರೆ" ಎಂದಳು. ಅವಳ ಆತಂಕ ನನಗೆ ಅರ್ಥವಾಗುತ್ತಿತ್ತು. ಮೂವತ್ತು ವರ್ಷಗಳ ಹಿಂದೆ ನನ್ನದೂ ಅದೇ ಆತಂಕವಾಗಿತ್ತು. ಅವಳಿಗೆ ಆ ಹುಡುಗನ ಕಥೆ ಹೇಳಿದೆ. ಅವಳು ಮರುಮಾತಾಡಲಿಲ್ಲ. ಸಂಜೆ ತಾನೇ ಪೊರಕೆಯಿಂದ ಎರಡು ಕಡ್ಡಿ ಎಳೆದು ತಂದು ಮಗನ ಮುಂದಿಟ್ಟಳು.

ಮೊಮ್ಮಗ ಅಂಟಿಸಿದ. ವಕ್ರವಾಗಿ, ಒದ್ದೆಯಾಗಿ, ಮನಸ್ಸಿಗೆ ಬಂದಂತೆ. ನನ್ನ ಕೈ ಎರಡು ಸಲ ಮುಂದೆ ಚಾಚಿತು, ಎರಡು ಸಲವೂ ಸೆರಗಿನೊಳಗೆ ಹಿಂದೆಗೆದುಕೊಂಡೆ. ಮಳೆ ಬಿಟ್ಟ ಹೊತ್ತಿನಲ್ಲಿ, ಹಿಂದೆ ಜೈಲಿದ್ದ ಬಯಲಿಗೆ, ಊರವರು ಫ್ರೀಡಂ ಪಾರ್ಕ್ ಎನ್ನುವಲ್ಲಿಗೆ, ಅವನನ್ನು ಕರೆದೊಯ್ದೆವು. ಪಟ ಅವನ ತಲೆಗಿಂತ ಒಂದು ಮೊಳ ಮೇಲೇರಿ, ಗಿರಗಿರನೆ ತಿರುಗಿ, ಹುಲ್ಲಿಗೆ ಬಿತ್ತು.

"ಯಾಕೆ ತಿರುಗ್ತಾ ಇದೆ ಪುಟ್ಟಾ?" ಎಂದು ಕೇಳಿ ನಾನು ಸುಮ್ಮನೆ ಕಾದೆ.

ಅವನು ಪಟವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ಉತ್ತರ ಹೊಳೆಯಲಿಲ್ಲ. "ಅಜ್ಜಿ, ನಾಳೆ ಇನ್ನೊಂದು ಮಾಡ್ತೀನಿ" ಎಂದ. 'ಮಾಡಿಕೊಡಿ' ಎನ್ನಲಿಲ್ಲ. ಮಣ್ಣು ಮೆತ್ತಿದ ಆ ಗಾಳಿಪಟವೇ ಮರುದಿನ ಅವನ ಜೊತೆ ಶಾಲೆಗೆ ಹೋಯಿತು.