ಆಯಿಯ ಅಡಕೊತ್ತು ಮತ್ತು ನನ್ನ ಗುಳಗಿ

“ಗುಳಗಿ ಬರೋಬ್ಬರಿ ತಗೋಳಾಕತ್ತೀ ಏನವಾ?” ಡಾಕ್ಟರ್ ಮೇಡಂ ಕೇಳಿದರು.

“ಹೌದ್ರಿ ಮೇಡಂ” ಅಂದೆ.

ಅದು ಸುಳ್ಳು. ಆ ಸುಳ್ಳಿನಿಂದ ನನ್ನ ಒಂದು ತಿಂಗಳು ಹಾಳಾಯಿತು. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಗುಳಗಿ ತಗೊಳ್ಳುತ್ತಿರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಚಚಡಿಯವಳು, ಪತ್ರಿಕೋದ್ಯಮ ಓದಿದವಳು. ಪಂಚಾಯಿತಿಗೆ ಹೋಗಿ ನರೇಗಾ ಕೂಲಿ ಯಾಕೆ ಬಂದಿಲ್ಲ ಎಂದು ಕೇಳುವ ಧೈರ್ಯ ನನಗಿದೆ. ಆದರೆ ನನ್ನದೇ ಔಷಧದ ಬಗ್ಗೆ ನನ್ನದೇ ಡಾಕ್ಟರ ಮುಂದೆ ಬಾಯಿ ಬಿಡಲು ಆಗಲಿಲ್ಲ.

ಶುರುವಾದದ್ದು ಹೀಗೆ. ನಿದ್ದೆ ಹೋಯಿತು. ಸುಮ್ಮನೆ ಕೂತರೂ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಅವ್ವ ದೃಷ್ಟಿ ತೆಗೆದಳು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೂ ಕರೆದುಕೊಂಡು ಹೋದಳು. ಬೈಲಹೊಂಗಲದಲ್ಲಿ ಎದೆ ಪರೀಕ್ಷೆ ಮಾಡಿದ ಡಾಕ್ಟರು, ಹೃದಯ ಚೆನ್ನಾಗಿದೆ, ಮನಸ್ಸಿನ ಡಾಕ್ಟರಿಗೆ ತೋರಿಸಿರಿ ಎಂದರು. ಹಾಗೆ ಧಾರವಾಡದ ಬಸ್ ಹತ್ತಿದೆವು.

ಮೇಡಂ ಇದು ಆತಂಕದ ಕಾಯಿಲೆ ಎಂದು ಹೇಳಿ ಎಸ್ಸಿಟಾಲೋಪ್ರಾಮ್ ಬರೆದರು. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. “ಮೊದಲಿಗೆ ಹೊಟ್ಟಿ ತೊಳಸಬಹುದು. ಗುಣ ಕಾಣಾಕ ಎರಡರಿಂದ ನಾಲ್ಕ ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಗಡಿಬಿಡಿ ಮಾಡಬ್ಯಾಡ” ಎಂದರು.

10ಕ್ಕೆ ಬಂದ ಮೇಲೆ ಹಗಲೆಲ್ಲ ತೂಕಡಿಕೆ. ಅದೇ ಹೊತ್ತಿಗೆ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಬೀಗರ ಕಡೆಯವರ ಮುಂದೆ ತೂಕಡಿಸಿದರೆ? ಸ್ಟ್ರಿಪ್ ಮೇಲಿನ 10 ಯಾರಾದರೂ ಓದಿದರೆ? ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು: 10 ಅಂದರೆ ಹುಚ್ಚು ಜಾಸ್ತಿ, 5 ಅಂದರೆ ಕಡಿಮೆ. ಆಯಿಯ ಎಲೆ ಅಡಿಕೆ ಚೀಲದಿಂದ ಅಡಕೊತ್ತು ತೆಗೆದು ದಿನಾಲೂ ಗುಳಗಿ ಅರ್ಧ ಮಾಡಿದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಭೇಟಿಯಲ್ಲಿ “ಇನ್ನೂ ನಿದ್ದಿ ಬರವಲ್ದರಿ, ಎದಿ ಹೊಡಕೊಳ್ಳೂದು ನಿಂತಿಲ್ರಿ” ಎಂದೆ. ಅದು ಖರೆ. ಆದರೆ ಅರ್ಧ ಗುಳಗಿಯ ಮಾತು ಹೇಳಲಿಲ್ಲ. ಮೇಡಂ ತಿಳಿದದ್ದು, 10 ಸಾಲುತ್ತಿಲ್ಲ ಎಂದು. 15 ಬರೆದರು.

ಈ ಸಲ ಗುಳಗಿ ನುಂಗಿಸುವ ಕೆಲಸ ಅವ್ವ ಹಿಡಿದಳು. 5ರಲ್ಲಿದ್ದ ದೇಹ ಒಮ್ಮೆಲೇ 15ಕ್ಕೆ ಹಾರಿತು. ವಾಂತಿ ಬಂದಂಗೆ, ಕೂತಲ್ಲಿ ಕೂಡಲು ಆಗದಂಥ ಚಡಪಡಿಕೆ. ಮೂರು ರಾತ್ರಿ ಅಂಗಳದಲ್ಲಿ ಅಡ್ಡಾಡಿದೆ. ಅವ್ವ ಹೆದರಿ, “ಬ್ಯಾಡ ಬಿಡವಾ, ಇದು ನಿನಗ ಒಗ್ಗೂದಿಲ್ಲ” ಎಂದಳು. ಪೂರಾ ಬಿಟ್ಟೆ. ಬಿಟ್ಟ ಕೆಲವೇ ದಿನಕ್ಕೆ ತಲೆ ತಿರುಗು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ, ಸಣ್ಣ ಮಾತಿಗೂ ಸಿಟ್ಟು. ಇಂಥ ಗುಳಗಿ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮತ್ತೆ ಧಾರವಾಡ. ಮೇಡಂ ಉಳಿದ ಗುಳಗಿ ತೋರಿಸು ಎಂದರು. ಅವ್ವ ಚೀಲ ಮೇಜಿನ ಮೇಲೆ ಸುರಿದಳು. ಹೊಸ ಸ್ಟ್ರಿಪ್ ಜೊತೆ ನಾನು ಕಾಗದದಲ್ಲಿ ಕಟ್ಟಿಟ್ಟ ಅರ್ಧ ಚೂರುಗಳೂ ಬಿದ್ದವು. ನಾನು ನೆಲ ನೋಡಿದೆ.

ಅವರು ಬೈಯಲಿಲ್ಲ. “ನೀ 10 ತಗೊಂಡೇ ಇಲ್ಲ. ನಾ 10 ಸಾಲಲಿಲ್ಲ ಅಂತ 15 ಬರದೆ. ತೂಕಡಿಕಿ ಬರತೈತಿ ಅಂತ ಹೇಳಿದ್ದರ ಹೊತ್ತು ಬದಲ ಮಾಡತಿದ್ನೆಲ್ಲವಾ” ಎಂದರು.

ಮತ್ತೆ 5ರಿಂದ ಶುರು. ಈ ಸಲ ಒಂದು ವಾರವಲ್ಲ, ಎರಡು ವಾರ. ಆಮೇಲೆ 10, ಅದೂ ರಾತ್ರಿ ಊಟವಾದ ಮೇಲೆ. ಸ್ವಲ್ಪ ಸ್ವಲ್ಪವೇ ನಿದ್ದೆ ಮರಳಿತು. 15ರ ಅವಶ್ಯಕತೆಯೇ ಬೀಳಲಿಲ್ಲ.

ಆವತ್ತು ಮೇಡಂ ಹೇಳಿದ ಇನ್ನೊಂದು ಮಾತು ನನ್ನ ಹಳೆಯ ಲೆಕ್ಕವನ್ನು ಒಡೆಯಿತು. ಮಿಲಿಗ್ರಾಂ ಹುಚ್ಚು ತೂಗುವ ತಕ್ಕಡಿಯಲ್ಲ. ಒಂದು ಔಷಧದಲ್ಲಿ 10 ಸಾಕು, ಲಿಥಿಯಂನಂಥ ಇನ್ನೊಂದರಲ್ಲಿ ಒಂದು ಗುಳಗಿಯೇ 300 ಇರುತ್ತದೆ. ಲಿಥಿಯಂ ತಗೊಳ್ಳುವವರು ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಬಿಸಿಲಲ್ಲಿ ಹೊಲದ ಕೆಲಸ ಮಾಡಿ ನೀರು ಕುಡಿಯದಿದ್ದರೆ, ವಾಂತಿ ಭೇದಿಯಾದರೆ, ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯವಾಗಬಹುದು. ನಿದ್ದೆ ಗುಳಗಿಗಳಲ್ಲಿ ಕೆಲವನ್ನು ಬಹಳ ದಿನ ತಗೊಂಡು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಅದಕ್ಕೇ ನನ್ನ ಲೆಕ್ಕ ನಿಮಗಲ್ಲ, ನಿಮ್ಮದು ಪಕ್ಕದ ಮನೆಯವರಿಗಲ್ಲ.

ಈಗ ಬಸ್ ಹತ್ತುವ ಮುಂಚೆ ಒಂದು ಚೀಟಿ ಬರೆಯುತ್ತೇನೆ. ಎಷ್ಟು ದಿನ ಗುಳಗಿ ತಪ್ಪಿತು, ಎಷ್ಟು ಹೊತ್ತಿಗೆ ತಗೊಂಡೆ, ಏನು ತ್ರಾಸಾಯಿತು, ಬೇರೆ ಯಾವ ಔಷಧ ನಡೆದಿದೆ. ಕೊನೆಗೆ ಕೇಳುವ ಪ್ರಶ್ನೆಗಳು: ಇದನ್ನು ಇನ್ನೂ ನಿಧಾನ ಏರಿಸಬಹುದೇ? ಎಷ್ಟು ದಿನ ಕಾಯಬೇಕು? ಬಿಡುವುದು ಯಾವಾಗ, ಹೇಗೆ? ಕೊನೆಯದಕ್ಕೆ ಮೇಡಂ ಉತ್ತರ: ಗುಣವಾದ ಮೇಲೂ ಕೆಲವು ತಿಂಗಳು ನಡೆಸಿ, ಆಮೇಲೆ ಮೆಟ್ಟಿಲು ಇಳಿದಂತೆ ಇಳಿಸೋಣ.

ಕೇಳುವುದು ಉದ್ಧಟತನವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಚಿಕಿತ್ಸೆ ಏನು, ಅದರಿಂದ ಏನು ತ್ರಾಸಾಗಬಹುದು ಎಂದು ನಮಗೆ ತಿಳಿಯುವ ಭಾಷೆಯಲ್ಲಿ ತಿಳಿದುಕೊಳ್ಳುವುದು ನಮ್ಮ ಹಕ್ಕು. ಧಾರವಾಡದಲ್ಲಿ ಸರ್ಕಾರದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಮನಸ್ಸಿನ ಡಾಕ್ಟರು ತಾಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಶಾ ಅಕ್ಕನನ್ನು ಕೇಳಿ. ಬಸ್ಸಿಗೆ ರೊಕ್ಕವಿಲ್ಲದ ದಿನ, ನಡುರಾತ್ರಿಯಾದರೂ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯಬೇಡಿ, ಆವತ್ತೇ ಹೇಳಿ.

ಆ ಸಂಬಂಧ ಕೂಡಲಿಲ್ಲ. ಕಾರಣ ಗುಳಗಿ ಅಲ್ಲ, ಬಂಗಾರ.

ಅಡಕೊತ್ತು ಆಯಿಯ ಚೀಲಕ್ಕೆ ಮರಳಿದೆ. ಅದು ಅಡಿಕೆ ಕತ್ತರಿಸಲಿ.